ಬಲಿಪೂಜೆಯಲ್ಲಿ ಮೌನಕ್ಕೂ ಜಾಗವಿರಲಿ

ಮಾನ್ಯರೇ,

ಕಳೆದ ಭಾನುವಾರ ನಮ್ಮ ಕಥೋಲಿಕ ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಗುರುಗಳು ಪರಮಪ್ರಸಾದವನ್ನು (ಕ್ರಿಸ್ತನ ಶರೀರವೆಂದು ನಾವು ನಂಬುವ ರೊಟ್ಟಿಯನ್ನು) ಮೇಲಕ್ಕೆತ್ತಿ ಗಂಟೆ ಮೊಳಗಿದ ಹೊತ್ತಿಗೆ, ಮೊಣಕಾಲೂರಿದ್ದ ನನ್ನ ಮುಂದೆ ಮೂರು ಮೊಬೈಲುಗಳು ಎದ್ದವು. ಪ್ರಸಾದ ಸ್ವೀಕರಿಸಿ ಬಂದು ಕಣ್ಣು ಮುಚ್ಚುವಷ್ಟರಲ್ಲಿ ಕೀಬೋರ್ಡಿನ ಅಬ್ಬರ. ಇದಕ್ಕೆಲ್ಲ 1962–65ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆಯೇ ಕಾರಣ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಪೂಜಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ಅದರ 1963ರ ದಸ್ತಾವೇಜೇ, 30ನೇ ಪರಿಚ್ಛೇದದಲ್ಲಿ, ಹಾಡು ಮತ್ತು ಪ್ರತ್ಯುತ್ತರಗಳ ಜೊತೆಗೆ ತಕ್ಕ ಸಮಯದಲ್ಲಿ ಭಕ್ತಿಪೂರ್ಣ ಮೌನವನ್ನೂ ಪಾಲಿಸಬೇಕೆಂದು ಹೇಳಿದೆ. ಕನ್ನಡದಿಂದ ಪಾವಿತ್ರ್ಯ ಕುಗ್ಗಿಲ್ಲ (ಅರ್ಥವಾಗದ ಲ್ಯಾಟಿನ್ ಪೂಜೆಯುದ್ದಕ್ಕೂ ನನ್ನ ಅಜ್ಜಿ ಜಪಸರ ಎಣಿಸುತ್ತಿದ್ದರಂತೆ). ಕುಗ್ಗಿಸಿದ್ದು ನಮ್ಮ ಆತುರ. ಫೋಟೊಗಳನ್ನು ಪೂಜೆ ಮುಗಿದ ಮೇಲಕ್ಕೆ ಇಟ್ಟುಕೊಂಡು, ಪರಮಪ್ರಸಾದದ ನಂತರ ಎರಡು ನಿಮಿಷ ವಾದ್ಯ ನಿಲ್ಲಿಸಲು ಧರ್ಮಕೇಂದ್ರಗಳ (ಪ್ಯಾರಿಷ್‌ಗಳ) ಪಾಲನಾ ಸಮಿತಿಗಳು ತೀರ್ಮಾನಿಸಬಾರದೇಕೆ?

– ಒಬ್ಬ ಓದುಗ, ಬೆಂಗಳೂರು