ರಿವಾರ್ಡ್ ಪಾಯಿಂಟ್ ವರ್ಗಾವಣೆ ಸೇವೆಯಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ದಾವಣಗೆರೆ

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಕೂಡಿಬಿದ್ದ ರಿವಾರ್ಡ್ ಪಾಯಿಂಟುಗಳನ್ನು ವಿಮಾನ ಕಂಪನಿಗಳ ಸದಸ್ಯತ್ವ ಖಾತೆಗೆ ವರ್ಗಾಯಿಸಿ, ಅಲ್ಲಿ ಜಮೆಯಾದ ಮೈಲುಗಳಿಂದ (ಇಲ್ಲಿ ಮೈಲು ಎಂದರೆ ದೂರದ ಅಳತೆಯಲ್ಲ, ವಿಮಾನ ಕಂಪನಿಯ ಪಾಯಿಂಟು) ಟಿಕೆಟ್ ಮಾಡಿಸಿಕೊಡುವ ಕೆಲಸವನ್ನು ನಮ್ಮ ಕಚೇರಿ ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಬರುವ ತಿಂಗಳ ಒಂದನೇ ತಾರೀಖಿನಿಂದ ಈ ಕೆಲಸದ ಕ್ರಮವನ್ನು ಬದಲಾಯಿಸುತ್ತಿದ್ದೇವೆ. ಇನ್ನು ಮುಂದೆ, ತಾವು ಹೋಗಬೇಕಾದ ದಿನಕ್ಕೆ ಮೈಲುಗಳ ಲೆಕ್ಕದಲ್ಲಿ ಸೀಟು ಇದೆಯೆಂದು ಖಚಿತವಾಗುವ ಮೊದಲು ಒಂದು ಪಾಯಿಂಟನ್ನೂ ವರ್ಗಾಯಿಸಲು ನಾವು ಸಹಾಯ ಮಾಡುವುದಿಲ್ಲ. ವರ್ಗಾವಣೆಯನ್ನು ನಮ್ಮ ಸಿಬ್ಬಂದಿ ಮಾಡುವುದಿಲ್ಲ, ತಾವೇ ತಮ್ಮ ಮೊಬೈಲಿನಲ್ಲಿ ಮಾಡಬೇಕಾಗುತ್ತದೆ. ನಮ್ಮ ಶುಲ್ಕವೂ ವರ್ಗಾವಣೆಗೆ ಇರುವುದಿಲ್ಲ, ಟಿಕೆಟ್ ತಮ್ಮ ಕೈಸೇರಿದ ಮೇಲಷ್ಟೇ ಇರುತ್ತದೆ.

ಈ ಬದಲಾವಣೆಗೆ ಕಾರಣವಾದ ಪ್ರಸಂಗವನ್ನು ಮುಚ್ಚಿಡದೆ ಹೇಳುವುದು ನ್ಯಾಯವೆಂದು ಭಾವಿಸಿದ್ದೇವೆ. ಹೋದ ವರ್ಷ ನಮ್ಮ ಹಳೆಯ ಗ್ರಾಹಕರಾದ ವ್ಯಾಪಾರಸ್ಥರೊಬ್ಬರು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ತಮ್ಮ ಮನೆಯವರನ್ನು ಕಳುಹಿಸಬೇಕೆಂದು ನಮ್ಮಲ್ಲಿಗೆ ಬಂದಿದ್ದರು. ಅಂಗಡಿಯ ಖರೀದಿಗೂ ಮನೆಯ ಖರ್ಚಿಗೂ ಒಂದೇ ಕಾರ್ಡು ಬಳಸುವ ಅಭ್ಯಾಸದಿಂದ ಅವರ ಖಾತೆಯಲ್ಲಿ ಹಲವು ವರ್ಷಗಳ ಪಾಯಿಂಟುಗಳು ಹಾಗೆಯೇ ಉಳಿದಿದ್ದವು. ಒಂದು ವಿಮಾನ ಕಂಪನಿಗೆ ವರ್ಗಾಯಿಸಿದವರಿಗೆ ಹೆಚ್ಚುವರಿ ಮೈಲುಗಳು ಸಿಗುವ ಕೊಡುಗೆ ಆ ವಾರವೇ ಮುಗಿಯುವುದರಲ್ಲಿತ್ತು. ನಮ್ಮ ಸಿಬ್ಬಂದಿ ಆ ಅವಸರದಲ್ಲಿ ಸೀಟು ನೋಡದೆ ಅಷ್ಟೂ ಪಾಯಿಂಟುಗಳನ್ನು ಅಲ್ಲಿಗೆ ಸಾಗಿಸಿಬಿಟ್ಟರು. ಆಮೇಲೆ ಹುಡುಕಿದರೆ, ಹೆರಿಗೆಯ ದಿನದ ಆಸುಪಾಸಿನ ಮೂರು ವಾರಗಳಲ್ಲಿ ಮೈಲುಗಳಿಗೆ ಸಿಗುವ ಸೀಟು ಒಂದೂ ಇರಲಿಲ್ಲ. ಅಮ್ಮನವರು ಕೊನೆಗೆ ಹಣ ಕೊಟ್ಟು ಕೊಂಡ ಟಿಕೆಟಿನಲ್ಲಿಯೇ ಹೋಗಿಬಂದರು. ಆ ಮೈಲುಗಳು ಇಂದಿಗೂ ಖಾತೆಯಲ್ಲಿಯೇ ಕುಳಿತಿವೆ. ನಾವು ಪಡೆದಿದ್ದ 500 ರೂಪಾಯಿಗಳನ್ನು ಹಿಂದಿರುಗಿಸಿದೆವಾದರೂ ಅವರಿಗಾದ ನಷ್ಟದ ಮುಂದೆ ಅದು ಏನೇನೂ ಅಲ್ಲ. ಆ ಹಿರಿಯರು ಸಿಟ್ಟಾಗಲಿಲ್ಲ. “ಹೆರಿಗೆ ದಿನ ನಿಮ್ ಕಂಪ್ಯೂಟರ್ ಕೇಳ್ಕೊಂಡು ಬರ್ತೈತೇನ್ರಿ?” ಎಂದಷ್ಟೇ ಕೇಳಿ, ಚಹಾ ಮುಗಿಸಿ ಎದ್ದುಹೋದರು. ಸಿಟ್ಟಾಗಿದ್ದರೆ ನಮಗೆ ಇಷ್ಟು ನೋಯುತ್ತಿರಲಿಲ್ಲ.

ವರ್ಗಾಯಿಸಿದ್ದನ್ನು ಹಿಂದಕ್ಕೆ ತರಿಸಲು ಏಕೆ ಆಗುವುದಿಲ್ಲ ಎಂದು ಅನೇಕರು ಕೇಳುತ್ತಾರೆ. ಪಾಯಿಂಟು ಇರುವುದು ಬ್ಯಾಂಕಿನ ಪುಸ್ತಕದಲ್ಲಿ. ಮೈಲು ಇರುವುದು ವಿಮಾನ ಕಂಪನಿಯ ಪುಸ್ತಕದಲ್ಲಿ. ತಾವು ವರ್ಗಾವಣೆಗೆ ಒಪ್ಪಿಗೆ ಕೊಟ್ಟಾಗ ಬ್ಯಾಂಕು ತಮ್ಮ ಪಾಯಿಂಟುಗಳನ್ನು ಅಳಿಸಿ, ಅದಕ್ಕೆ ಬದಲಾಗಿ ವಿಮಾನ ಕಂಪನಿಗೆ ಹಣ ತೆತ್ತು ತಮ್ಮ ಹೆಸರಿಗೆ ಮೈಲುಗಳನ್ನು ಹಾಕಿಸುತ್ತದೆ. ನಮ್ಮ ಮಂಡಿಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಅದು ತೂಕವಾಗಿ ಲಾರಿ ಹತ್ತಿದ ಮಾಲು. ಆ ಬಳಿಕ ಬ್ಯಾಂಕಿನ ಸಹಾಯವಾಣಿಗೆ ಎಷ್ಟು ಬಾರಿ ಫೋನ್ ಮಾಡಿದರೂ ಬರುವ ಉತ್ತರ ಒಂದೇ.

ಪಾಯಿಂಟು ಕಾರ್ಡಿನಲ್ಲಿ ಇರುವವರೆಗೆ ಅದಕ್ಕೆ ಹಲವು ದಾರಿಗಳಿರುತ್ತವೆ. ಬಿಲ್ಲಿನಲ್ಲಿ ಕಡಿತ ಮಾಡಿಸಿಕೊಳ್ಳಬಹುದು, ವೋಚರ್ ಪಡೆಯಬಹುದು, ಬ್ಯಾಂಕಿನೊಂದಿಗೆ ಒಪ್ಪಂದವಿರುವ ಐದಾರು ವಿಮಾನ ಕಂಪನಿಗಳಲ್ಲಿ ಯಾವುದಕ್ಕಾದರೂ ಕಳುಹಿಸಬಹುದು. ವರ್ಗಾಯಿಸಿದ ಮೇಲೆ ಉಳಿಯುವುದು ಒಂದೇ ದಾರಿ, ಅದರ ಬೆಲೆಯನ್ನೂ ನಿಯಮಗಳನ್ನೂ ನಿರ್ಧರಿಸುವುದು ಆ ಕಂಪನಿ. ಇಷ್ಟು ಮೈಲಿಗೆ ಇಂಥ ಊರು ಎಂದು ಇಂದು ಇರುವ ಪಟ್ಟಿ ಮುಂದಿನ ವರ್ಷವೂ ಹಾಗೆಯೇ ಇರುತ್ತದೆಂದು ಯಾವ ಕಂಪನಿಯೂ ಬರೆದುಕೊಡುವುದಿಲ್ಲ. ಕಂಪನಿಯೇ ಇಲ್ಲವಾಗುವುದೂ ಉಂಟು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದಾಗ, ಅದರ ವಿಮಾನದಲ್ಲಿಯೇ ಹೋಗಬೇಕೆಂದು ಮೈಲು ಕೂಡಿಟ್ಟಿದ್ದವರ ಲೆಕ್ಕಾಚಾರ ತಲೆಕೆಳಗಾಯಿತು. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದೊಂದಿಗೆ ವಿಲೀನವಾದಾಗ ಸದಸ್ಯರ ಪಾಯಿಂಟುಗಳು ಏರ್ ಇಂಡಿಯಾದ ಖಾತೆಗೆ ಸೇರಿಕೊಂಡವು, ಅಂದರೆ ಅಲ್ಲಿ ಯಾರ ಗಂಟೂ ಮುಳುಗಲಿಲ್ಲ. ಆದರೆ ಅವನ್ನು ಖರ್ಚು ಮಾಡುವ ನಿಯಮಗಳು ಬೇರೆಯಾದವು. ಈಗ ‘ಮಹಾರಾಜ ಕ್ಲಬ್’ ಎಂದು ಕರೆಯುವುದು ಅದೇ ಏರ್ ಇಂಡಿಯಾದ ಯೋಜನೆಯನ್ನು, ಮೊದಲು ಅದಕ್ಕೆ ‘ಫ್ಲೈಯಿಂಗ್ ರಿಟರ್ನ್ಸ್’ ಎಂಬ ಹೆಸರಿತ್ತು. ಹಳೆಯ ಹೆಸರಿನ ಕಾರ್ಡು ಹಿಡಿದು ಬಂದು ತಮ್ಮ ಮೈಲು ಏನಾಯಿತೆಂದು ಗಾಬರಿಯಾಗಿ ಕೇಳುವವರು ಇನ್ನೂ ಇದ್ದಾರೆ, ಆದ್ದರಿಂದ ಇಲ್ಲಿಯೇ ಹೇಳಿಬಿಟ್ಟೆವು.

ಮೈಲುಗಳಿಗೆ ಆಯುಸ್ಸೂ ಇರುತ್ತದೆ. ಸಿಂಗಪುರ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲುಗಳು ಮೂರು ವರ್ಷಕ್ಕೆ ಮುಗಿಯುತ್ತವೆ. ಕಾರ್ಡಿನ ಪಾಯಿಂಟುಗಳಿಗೂ ಅನೇಕ ಬ್ಯಾಂಕುಗಳಲ್ಲಿ ಗಡುವಿದೆ ಎಂಬುದನ್ನು ಒಪ್ಪುತ್ತೇವೆ. ಗಡುವು ಹತ್ತಿರವಾಗಿ, ಬೇರೆ ಉಪಯೋಗವೂ ತೋಚದೆ, ತಿಳಿದೂ ತಿಳಿದೂ ವರ್ಗಾಯಿಸುತ್ತೇನೆ ಎನ್ನುವವರನ್ನು ನಾವು ತಡೆಯುವುದಿಲ್ಲ. ಆದರೆ ಅದು ನಮ್ಮ ಸಲಹೆಯಾಗಿರುವುದಿಲ್ಲ.

ವರ್ಗಾವಣೆ ಎಲ್ಲ ಸಂದರ್ಭದಲ್ಲಿಯೂ ಲಾಭದಾಯಕವೆಂಬ ಮಾತನ್ನು ನಾವೂ ಹಿಂದೆ ಹೇಳಿದ್ದೇವೆ, ಅದನ್ನು ಈಗ ತಿದ್ದಿಕೊಳ್ಳಬೇಕಾಗಿದೆ. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ. ತಮ್ಮಲ್ಲಿ 24,000 ಪಾಯಿಂಟುಗಳಿವೆ, ಬಿಲ್ಲಿನಲ್ಲಿ ಕಡಿತ ಮಾಡಿಸಿದರೆ ಒಂದಕ್ಕೆ 25 ಪೈಸೆಯಂತೆ 6,000 ರೂಪಾಯಿ ಉಳಿಯುತ್ತದೆ. ಎರಡು ಪಾಯಿಂಟಿಗೆ ಒಂದು ಮೈಲಿನಂತೆ ವರ್ಗಾಯಿಸಿದರೆ 12,000 ಮೈಲುಗಳಾಗುತ್ತವೆ. ಅಷ್ಟು ಮೈಲಿಗೆ ಬರುವ ಟಿಕೆಟಿನ ಮಾರುಕಟ್ಟೆ ದರ 9,000 ರೂಪಾಯಿ ಎಂದುಕೊಂಡರೂ, ಅದರೊಳಗಿನ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು, 1,500 ರೂಪಾಯಿ ಎನ್ನೋಣ, ತಾವು ಕೈಯಿಂದಲೇ ಕಟ್ಟಬೇಕು. ಬ್ಯಾಂಕು ವರ್ಗಾವಣೆಗೆಂದು 199 ರೂಪಾಯಿ ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ ಹಾಕಿದರೆ ಇನ್ನೊಂದು 235 ರೂಪಾಯಿ ಹೋಗುತ್ತದೆ. ಹೀಗೆ ನಿಜವಾಗಿ ಉಳಿದದ್ದು 7,265 ರೂಪಾಯಿ, ಅಂದರೆ ಬಿಲ್ಲಿನ ಕಡಿತಕ್ಕಿಂತ 1,265 ಹೆಚ್ಚು. ಅದೇ ಟಿಕೆಟು ರಿಯಾಯಿತಿಯಲ್ಲಿ 5,500ಕ್ಕೆ ಸಿಗುವ ದಿನವಾದರೆ ಉಳಿತಾಯ 3,765ಕ್ಕೆ ಇಳಿಯುತ್ತದೆ; ಅಂಥ ದಿನ ಮೈಲು ಬಳಸಿದವರು 2,235 ರೂಪಾಯಿ ಕಳೆದುಕೊಂಡಂತೆಯೇ. ಹೊರದೇಶದ ಪ್ರಯಾಣದಲ್ಲಿ ಕೆಲವು ಕಂಪನಿಗಳು ಇಂಧನದ ಹೆಸರಿನಲ್ಲಿ ಹಾಕುವ ಹೆಚ್ಚುವರಿ ಶುಲ್ಕ ಎಷ್ಟು ದೊಡ್ಡದೆಂದರೆ, ಅದನ್ನು ನೋಡಿದ ಮೇಲೆ ‘ಉಚಿತ ಟಿಕೆಟ್’ ಎಂಬ ಪದವನ್ನು ನಮ್ಮ ಕಚೇರಿಯ ಫಲಕದಿಂದ ಅಳಿಸಿಹಾಕಿದ್ದೇವೆ.

ಈ ಲೆಕ್ಕಕ್ಕೆ ನಮ್ಮ ಊರಿನವರು ಇನ್ನೊಂದು ಬಾಬ್ತು ಸೇರಿಸಬೇಕು. ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಶಿವಮೊಗ್ಗದ ನಿಲ್ದಾಣ 2023ರಲ್ಲಿ ಆರಂಭವಾಯಿತು, ಹುಬ್ಬಳ್ಳಿಯದು ಮೊದಲಿನಿಂದಲೂ ಇದೆ. ಆದರೂ ದೂರದ ಪ್ರಯಾಣಕ್ಕೆ ಬಹುತೇಕರು ಹೋಗುವುದು ಬೆಂಗಳೂರಿಗೇ. ಮೈಲುಗಳಿಗೆ ಸಿಗುವ ಸೀಟುಗಳು ಅನೇಕ ಸಲ ನಸುಕಿನ ವಿಮಾನದಲ್ಲಿರುತ್ತವೆ. ಅದಕ್ಕಾಗಿ ರಾತ್ರಿಯೆಲ್ಲ ಟ್ಯಾಕ್ಸಿಯಲ್ಲಿ ಕುಳಿತು ಹೋಗುವ ಖರ್ಚನ್ನು ಕೂಡಿದರೆ, ಹಗಲಿನ ರೈಲು ಹಿಡಿದು ಸಂಜೆಯ ವಿಮಾನಕ್ಕೆ ಹಣ ಕೊಡುವುದೇ ಕಡಿಮೆಗೆ ಬೀಳಬಹುದು. ಇನ್ನು ಮುಂದೆ ನಾವು ಕೊಡುವ ಲೆಕ್ಕದ ಚೀಟಿಯಲ್ಲಿ ಈ ಖರ್ಚೂ ಸೇರಿರುತ್ತದೆ.

ನಮ್ಮ ಕಚೇರಿಯಲ್ಲಿ ಅತಿ ಹೆಚ್ಚು ಸಮಯ ತಿನ್ನುವ ತೊಡಕು ಹೆಸರಿನದು. ಊರಿನ ಹೆಸರು ಮತ್ತು ತಂದೆಯ ಹೆಸರು ಇನಿಷಿಯಲ್ಲಾಗಿ ಮುಂದೆ, ಸ್ವಂತ ಹೆಸರು ಕೊನೆಗೆ ಎಂಬುದು ನಮ್ಮ ಭಾಗದ ರೂಢಿ. ಕಾರ್ಡಿನ ಮೇಲೆ ಎರಡು ಇನಿಷಿಯಲ್ಲು, ಪಾನ್ ಕಾರ್ಡಿನಲ್ಲಿ ಅವುಗಳ ವಿಸ್ತರಣೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂಕಣವೇ ಖಾಲಿ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು ಎಂದರ್ಥ) ಎಂಬ ಮೂರು ಅಕ್ಷರ. ಹೀಗೆ ಒಬ್ಬರೇ ಮನುಷ್ಯರು ನಾಲ್ಕು ಹೆಸರಿನಲ್ಲಿ ನಮ್ಮ ಮೇಜಿನ ಮುಂದೆ ಕುಳಿತಿರುತ್ತಾರೆ. ವಿಮಾನ ಕಂಪನಿಯ ಅರ್ಜಿ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎರಡೂ ಬೇಕೆಂದು ಹಟ ಹಿಡಿಯುತ್ತದೆ. ಕಾರ್ಡುದಾರರ ಹೆಸರಿಗೂ ಸದಸ್ಯತ್ವದ ಹೆಸರಿಗೂ ತಾಳೆಯಾಗದಿದ್ದರೆ ವರ್ಗಾವಣೆ ತಿರಸ್ಕೃತವಾಗಬಹುದು, ಇಲ್ಲವೇ ನಡುವೆ ಸಿಕ್ಕಿಹಾಕಿಕೊಳ್ಳಬಹುದು. ಆದ್ದರಿಂದ ಸದಸ್ಯತ್ವವನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಮಾಡಿಸಿ, ಬ್ಯಾಂಕಿನ ದಾಖಲೆಯಲ್ಲಿ ಹೆಸರು ಬೇರೆಯಿದ್ದರೆ ಅದನ್ನು ಮೊದಲು ತಿದ್ದಿಸಿಕೊಂಡು ಬರಬೇಕೆಂದು ಕೋರುತ್ತೇವೆ. ಪ್ರಯಾಣಕ್ಕೆ ಎರಡು ತಿಂಗಳು ಮೊದಲೇ ಈ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.

ಯಜಮಾನರ ಕಾರ್ಡಿನ ಪಾಯಿಂಟು ಮನೆಯವರ ಮೈಲು ಖಾತೆಗೆ ಹೋಗಬಹುದೇ ಎಂಬುದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಇಲ್ಲವೆಂದೇ. ಪಾಯಿಂಟು ಕಾರ್ಡುದಾರರ ಸ್ವಂತ ಸದಸ್ಯತ್ವಕ್ಕೆ ಹೋಗಬೇಕು, ಅಲ್ಲಿಂದ ಮನೆಯವರ ಹೆಸರಿನಲ್ಲಿ ಟಿಕೆಟ್ ತೆಗೆಯಬೇಕು. ಕೆಲವು ಕಂಪನಿಗಳು ಯಾರ ಯಾರ ಹೆಸರಿಗೆ ಟಿಕೆಟ್ ಮಾಡಿಸಬಹುದೆಂಬ ಪಟ್ಟಿಯನ್ನು ಮೊದಲೇ ಕೇಳುತ್ತವೆ. ಕ್ರಿಸ್‌ಫ್ಲೈಯರಿನಲ್ಲಿ ಅಂಥ ಐದು ಜನರಿಗಷ್ಟೇ ಅವಕಾಶ. ಬಾಣಂತನಕ್ಕೆ ಹೋಗುವ ತಾಯಂದಿರ ಹೆಸರನ್ನು ಆ ಪಟ್ಟಿಯಲ್ಲಿ ಮೊದಲು ಹಾಕಿಸುವುದು ಕ್ಷೇಮ.

ಒಟಿಪಿಯ ವಿಷಯದಲ್ಲಿ ನಾವು ತಮ್ಮಲ್ಲಿ ಕ್ಷಮೆ ಕೇಳಬೇಕಾಗಿದೆ. ಇದುವರೆಗೆ ತಾವು ನಂಬಿಕೆಯಿಂದ ಫೋನಿನಲ್ಲಿ ಒಟಿಪಿ ಓದಿ ಹೇಳುತ್ತಿದ್ದಿರಿ, ನಾವು ಇಲ್ಲಿ ಅದನ್ನು ಒತ್ತುತ್ತಿದ್ದೆವು. ಒಟಿಪಿ, ಪಿನ್, ಕಾರ್ಡಿನ ಹಿಂಬದಿಯ ಮೂರು ಅಂಕಿಗಳನ್ನು ಯಾರಿಗೂ ಹೇಳಬೇಡಿರೆಂದು ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಎಚ್ಚರಿಸುತ್ತಿರುವಾಗ, ನಮ್ಮ ಈ ಪದ್ಧತಿ ತಮಗೆ ಕೆಟ್ಟ ರೂಢಿಯನ್ನೇ ಕಲಿಸಿತು. ‘ತಮ್ಮ ರಿವಾರ್ಡ್ ಪಾಯಿಂಟುಗಳು ಇಂದು ರಾತ್ರಿ ಮುಗಿಯುತ್ತವೆ’ ಎಂದು ಬರುವ ಮೆಸೇಜು, ಅದರ ಜೊತೆಗೊಂದು ಲಿಂಕು ಅಥವಾ ಆ್ಯಪ್ ಫೈಲು, ಇವೆಲ್ಲ ಹಣ ದೋಚುವವರ ಮಾಮೂಲು ಉಪಾಯಗಳು. ನಮ್ಮ ಕಚೇರಿಯ ಹೆಸರು ಹೇಳಿ ಯಾರಾದರೂ ಫೋನಿನಲ್ಲಿ ಒಟಿಪಿ ಕೇಳಿದರೆ, ಅದು ನಾವಲ್ಲವೆಂದು ತಿಳಿದು ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೂ ಕರೆ ಮಾಡಿ. ಮೊಬೈಲಿನಲ್ಲಿ ಇಂಥ ಕೆಲಸ ಮಾಡಿ ಅಭ್ಯಾಸವಿಲ್ಲದ ಹಿರಿಯರು ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ಬರಲಿ; ನಾವು ಪಕ್ಕದಲ್ಲಿ ಕುಳಿತು ಹಂತ ಹಂತವಾಗಿ ಹೇಳಿಕೊಡುತ್ತೇವೆ, ಫೋನನ್ನು ಮಾತ್ರ ಕೈಗೆ ತೆಗೆದುಕೊಳ್ಳುವುದಿಲ್ಲ.

ಶುಲ್ಕದ ಬದಲಾವಣೆಯ ಹಿಂದೆ ಇರುವ ಕಾರಣ ಸ್ವಲ್ಪ ಮುಜುಗರದ್ದು. ಪ್ರತಿ ವರ್ಗಾವಣೆಗೆ 500 ರೂಪಾಯಿ ಪಡೆಯುತ್ತಿದ್ದಾಗ, ಟಿಕೆಟ್ ಆಗಲಿ ಬಿಡಲಿ ನಮಗೆ ಹಣ ಬರುತ್ತಿತ್ತು. ಯಾರೂ ದುರುದ್ದೇಶದಿಂದ ಮಾಡಿದರೆಂದು ನಾವು ಹೇಳುತ್ತಿಲ್ಲ, ಆದರೆ ವರ್ಗಾಯಿಸಿದಷ್ಟೂ ಗಳಿಕೆ ಎಂಬ ವ್ಯವಸ್ಥೆಯಲ್ಲಿ ‘ಸ್ವಲ್ಪ ತಡೆಯಿರಿ’ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಈಗ ಟಿಕೆಟ್ ಆದ ಮೇಲೆ ಪ್ರಯಾಣಿಕರೊಬ್ಬರಿಗೆ 600 ರೂಪಾಯಿ ಎಂದು ನಿಗದಿ ಮಾಡಿದ್ದೇವೆ. ಸೀಟು ಹುಡುಕಿ ಸಿಗದಿದ್ದರೆ, ಅಥವಾ ಲೆಕ್ಕ ಹಾಕಿ ನೋಡಿದಾಗ ಹಣ ಕೊಟ್ಟು ಕೊಳ್ಳುವುದೇ ಮೇಲೆಂದು ಕಂಡರೆ, ಏನನ್ನೂ ಕೊಡಬೇಕಾಗಿಲ್ಲ.

ಹೊಸ ಕ್ರಮದಲ್ಲಿಯೂ ಒಂದು ಅಪಾಯ ಉಳಿಯುತ್ತದೆ, ಅದನ್ನು ಮೊದಲೇ ತಿಳಿಸಿರುತ್ತೇವೆ. ಕೆಲವು ವರ್ಗಾವಣೆಗಳು ಕೂತಲ್ಲಿಯೇ ಮುಗಿಯುತ್ತವೆ, ಕೆಲವಕ್ಕೆ ಎರಡು ಮೂರು ಕೆಲಸದ ದಿನಗಳು ಹಿಡಿಯುತ್ತವೆ. ಆ ನಡುವೆ ನೋಡಿಟ್ಟ ಸೀಟು ಬೇರೆಯವರ ಪಾಲಾಗಬಹುದು. ಆದಕಾರಣ ತಡವಾಗುವ ಕಂಪನಿಗಳ ವಿಷಯದಲ್ಲಿ, ಕನಿಷ್ಠ ಎರಡು ಬೇರೆ ಬೇರೆ ದಿನಗಳಲ್ಲಿ ಸೀಟು ಕಂಡರೆ ಮಾತ್ರ ವರ್ಗಾವಣೆಗೆ ಸೂಚಿಸುತ್ತೇವೆ, ಮತ್ತು ಆ ಟಿಕೆಟಿಗೆ ಬೇಕಾಗುವಷ್ಟನ್ನೇ ಹೊರತು ಖಾತೆಯಲ್ಲಿರುವ ಅಷ್ಟನ್ನೂ ಅಲ್ಲ. ಬ್ಯಾಂಕುಗಳು 500 ಅಥವಾ 1,000ದ ಗುಂಪಿನಲ್ಲಿ ವರ್ಗಾಯಿಸುವುದರಿಂದ ಸ್ವಲ್ಪ ಹೆಚ್ಚುಕಡಿಮೆ ಆಗುವುದು ಸಹಜ.

ಈಗಾಗಲೇ ನಮ್ಮ ಮೂಲಕ ಪಾಯಿಂಟು ವರ್ಗಾಯಿಸಿ, ಮೈಲುಗಳು ಬಳಕೆಯಾಗದೆ ಉಳಿದಿರುವ ಗ್ರಾಹಕರು ತಮ್ಮ ಸದಸ್ಯತ್ವ ಸಂಖ್ಯೆಯೊಂದಿಗೆ ಕಚೇರಿಗೆ ಬಂದರೆ, ಗಡುವು ನೋಡಿ, ಅದೇ ಕಂಪನಿಯ ಅಥವಾ ಅದರ ಒಕ್ಕೂಟದ ಬೇರೆ ವಿಮಾನಗಳಲ್ಲಿ ಸೀಟು ಹುಡುಕಿಕೊಡುತ್ತೇವೆ. ಏರ್ ಇಂಡಿಯಾದ ಮೈಲುಳ್ಳವರಿಗೆ ಸ್ಟಾರ್ ಅಲಯನ್ಸ್ ಒಕ್ಕೂಟದ ಲುಫ್ತಾನ್ಸಾ, ಸಿಂಗಪುರ, ಯುನೈಟೆಡ್ ಮೊದಲಾದ ಕಂಪನಿಗಳಲ್ಲಿಯೂ ಅವಕಾಶವಿದೆ. ಈ ಕೆಲಸಕ್ಕೆ ಶುಲ್ಕವಿಲ್ಲ. ಮೊದಲು ಹೇಳಿದ ಆ ಹಿರಿಯರ ಮೈಲುಗಳಿಗೂ ಹೀಗೆಯೇ ಹುಡುಕುತ್ತಿದ್ದೇವೆ. ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಅವರೇ ಹೋಗಿಬರುವ ಮನಸ್ಸು ಮಾಡಿದ್ದಾರೆ.

ಬರುವಾಗ ಪಾಸ್‌ಪೋರ್ಟ್, ಕಾರ್ಡಿನ ಇತ್ತೀಚಿನ ಸ್ಟೇಟ್‌ಮೆಂಟ್ ಮತ್ತು ಚಾರ್ಜ್ ಇರುವ ಮೊಬೈಲ್ ತಮ್ಮೊಂದಿಗಿರಲಿ.

ಇಂತಿ ತಮ್ಮ ವಿಶ್ವಾಸಿಗಳು,
ವ್ಯವಸ್ಥಾಪಕರು ಮತ್ತು ಸಿಬ್ಬಂದಿ