ಶ್ರೀ ಗಣನಾಥ ಹಾಡುವ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

"ಶ್ರೀ ಗಣನಾಥ ಚಿಕ್ಕ ಮಕ್ಕಳ ಗೀತೆ ಅಮ್ಮಾ, ಬೇಗ ಮುಗಿಸಿ ದೊಡ್ಡವರು ಹಾಡುವ ಕೃತಿಗೆ ಹೋಗಬೇಕು" ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳಿಗೆ ಕಲಿಸುವ ಗೀತೆ ಹೌದು. ಆದರೆ ಮಲಹರಿ ರಾಗದ ನಡಿಗೆ ಪೂರ್ತಿ ಅದರಲ್ಲಿದೆ, ಅವಸರ ಮಾಡಿದರೆ ಕೈತಪ್ಪುತ್ತದೆ.

ಸರಳೆ, ಜಂಟಿ, ಅಲಂಕಾರ ಅಂತ ಮೊದಲ ಸ್ವರಪಾಠಗಳನ್ನೆಲ್ಲ ನೀನು ಹಾಡಿದ್ದು ಮಾಯಾಮಾಳವಗೌಳ ರಾಗದಲ್ಲಿ. ಏಳೂ ಸ್ವರ, ಹತ್ತುವಾಗ ಹೇಗೋ ಇಳಿಯುವಾಗಲೂ ಹಾಗೇ. ಅದರ ಜನ್ಯವಾದ, ಅಂದರೆ ಅದರಿಂದಲೇ ಹುಟ್ಟಿದ, ಮಲಹರಿಯಲ್ಲಿ ನಿಷಾದ (ನಿ) ಇಲ್ಲವೇ ಇಲ್ಲ, ಹತ್ತುವಾಗ ಗಾಂಧಾರವೂ (ಗ) ಇಲ್ಲ. ಕೀಬೋರ್ಡಿನಲ್ಲಿ ಒತ್ತಿ ನೋಡು, ಕಪ್ಪು ಬಿಳಿ ಮನೆ ಎರಡೂ ಎಣಿಸು. ಸ ಪಕ್ಕದಲ್ಲೇ ರಿ, ಆಮೇಲೆ ಮೂರು ಮನೆ ಬಿಟ್ಟು ಮ. ಪ ಪಕ್ಕದಲ್ಲೇ ದ, ಮತ್ತೆ ಮೂರು ಮನೆ ಬಿಟ್ಟು ಮೇಲಿನ ಸ. ಎರಡೂ ಅರ್ಧ ಒಂದೇ ಅಚ್ಚು! ಇಳಿಯುವಾಗ ಕೆಳಗಿನ ಖಾಲಿ ಜಾಗಕ್ಕೆ ಮಾತ್ರ ಗಾಂಧಾರ ಬಂದು ಕೂರುತ್ತದೆ, ಮೇಲಿನದು ಖಾಲಿಯೇ. ನನಗಂತೂ ಈ ರಾಗದ ಚೆಲುವೆಲ್ಲ ಅಲ್ಲೇ ಇದೆ.

ಈಗ ಗೀತೆಗೆ ಬಾ. ಶುರುವಾಗುವುದೇ ಷಡ್ಜದಿಂದ (ಸ) ಅಲ್ಲ. ಮ ಪ ದ ಸ ಸ ರಿ, ಅಂದರೆ ಮಧ್ಯಮದಿಂದ (ಮ) ಎದ್ದು ರೂಪಕ ತಾಳದ ಒಂದೇ ಆವರ್ತದಲ್ಲಿ, ಒಂದೇ ಸುತ್ತಿನ ಆರೇ ಅಕ್ಷರದಲ್ಲಿ, ತಾರಸ್ಥಾಯಿಯ, ಅಂದರೆ ಮೇಲಿನ ಸ ದಾಟಿದ, ರಿಷಭ (ರಿ) ಮುಟ್ಟುತ್ತದೆ. ಎಂಥ ಧೈರ್ಯದ ಎತ್ತುಗಡೆ ನೋಡು! ಅದಕ್ಕಿಂತ ಮೇಲೆ ಗೀತೆ ಎಲ್ಲೂ ಹೋಗುವುದಿಲ್ಲ. "ಸಿಂಧೂರ ವರ್ಣ" ದಾಟಿದರೂ ಗಾಂಧಾರದ ಸುಳಿವಿಲ್ಲ. "ಕರಿವದನ" ಅನ್ನುವಾಗ ದ ಪ ಮ ಗ ರಿ ಸ ಅಂತ ಇಳಿಯುತ್ತದಲ್ಲ, ಅಲ್ಲಿ ಮೊದಲ ಸಲ ಕೇಳಿಸುತ್ತದೆ. ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ಅದು ಅಷ್ಟು ಹಿತ.

"ಲಕುಮಿಕರ" ಬಂದಾಗ ಜಾಸ್ತಿ ಗಮನ ಕೊಡು. ಸ ರಿ ಗ ರಿ ಸ. ಇಲ್ಲಿ ಗ ಹತ್ತುವಾಗಲೇ ಬಂತು ಅನ್ನಿಸುತ್ತದೆ, ಅಲ್ವಾ? ಆದರೆ ಅದು ಮಧ್ಯಮಕ್ಕೆ ಹೋಗದೆ ಅಲ್ಲಿಂದಲೇ ತಿರುಗಿ ಕೆಳಗೆ ಬರುತ್ತದೆ. ರಿ ಯಿಂದ ಗ ಮುಟ್ಟಬಹುದು, ಗ ದಿಂದ ಮ ಗೆ ಹತ್ತುವಂತಿಲ್ಲ. ಪುರಂದರದಾಸರು ಈ ನಿಯಮವನ್ನು ಬಾಯಲ್ಲಿ ಹೇಳದೆ ಮಕ್ಕಳ ಗಂಟಲಿಗೇ ಕೂರಿಸಿದ್ದಾರೆ. ಅವರು 1564ರಲ್ಲಿ ತೀರಿಕೊಂಡವರು. ಇವತ್ತಿಗೂ ಕರ್ನಾಟಕ ಸಂಗೀತ ಕಲಿಯುವ ಮಗು, ಚೆನ್ನೈಯಲ್ಲಿರಲಿ ಮೈಸೂರಲ್ಲಿರಲಿ, ಮಾಯಾಮಾಳವಗೌಳದಿಂದ ಈ ಪಿಳ್ಳಾರಿ ಗೀತೆಗಳಿಗೇ, ಅಂದರೆ ಶ್ರೀ ಗಣನಾಥದಂಥ ಮೊದಲ ಗೀತೆಗಳಿಗೇ, ಬರುತ್ತದೆ. ನನಗೆ ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಹಾಗಾಗಿ ಮೊದಲ ಕಾಲದಲ್ಲೇ ನಿಧಾನವಾಗಿ ಹಾಡು, ಸುಮ್ನೆ ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ, ಓಡಬೇಡ. ಶ್ರುತಿ ಹಾಕಿಕೋ. ರಿ ಮತ್ತು ದ ಸ್ವಲ್ಪ ಮೇಲಾದರೂ ರಾಗ ಕೆಡುತ್ತದೆ. ಮುಂದಿನ ಪಾಠ "ಕುಂದಗೌರ"ವೂ ಮಲಹರಿಯೇ. ಅದರಲ್ಲಿ ಗ ಎಲ್ಲೆಲ್ಲಿ ಬರುತ್ತದೆ ಅಂತ ಪುಸ್ತಕದಲ್ಲಿ ಗುರುತು ಹಾಕಿಟ್ಟುಕೋ, ಭಾನುವಾರ ಫೋನ್ ಮಾಡಿದಾಗ ಹಾಡಿ ತೋರಿಸು.

ಅಮ್ಮ