ತೂಕ ಇಳಿಸುವ ನಾಯಿ ಆಹಾರದ ಬಿಡಿ ಮಾರಾಟ ನಿಲ್ಲಿಸುವ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ತೂಕ ಇಳಿಸುವ ಒಣ ಆಹಾರವನ್ನು ತೆರೆದ ಚೀಲದಿಂದ ಮಗ್ಗಿನಲ್ಲಿ ಅಳೆದು ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ಅದು ಮುಚ್ಚಿದ ಚೀಲದಲ್ಲಿಯೇ ದೊರೆಯುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಮುಂತಾದ ದೊಡ್ಡ ತಳಿಯ ನಾಯಿ ಸಾಕಿದವರಿಗೆ, ನಾಯಿಯನ್ನು ಅಂಗಡಿಯ ತಕ್ಕಡಿಯ ಮೇಲೆ ತೂಗಿ, ದಿನಕ್ಕೆ ಎಷ್ಟು ಗ್ರಾಂ ಹಾಕಬೇಕೆಂದು ಬರೆದ ಚೀಟಿಯನ್ನೂ ಉಚಿತವಾಗಿ ಕೊಡುತ್ತೇವೆ.

ಬಿಡಿ ಮಾರಾಟದಿಂದ ಹಲವರಿಗೆ ಅನುಕೂಲವಿತ್ತೆಂಬುದು ನಮಗೆ ಗೊತ್ತು. ಆದರೆ ‘ಬೆಳಿಗ್ಗೆ ಒಂದು ಮಗ್, ರಾತ್ರಿ ಒಂದು ಮಗ್’ ಎಂದು ನಾವೇ ಹೇಳಿ ಕಳುಹಿಸಿದ ನಾಯಿಗಳು ತಿಂಗಳುಗಳ ನಂತರವೂ ತೂಕ ಇಳಿಯದೆ ಬಂದಾಗ, ತಪ್ಪು ನಮ್ಮ ಮಗ್ಗಿನಲ್ಲಿಯೇ ಇದೆಯೆಂದು ಒಪ್ಪಿಕೊಳ್ಳಬೇಕಾಯಿತು. ಒಬ್ಬರು ತಲೆ ಸವರಿ ತುಂಬುತ್ತಾರೆ, ಇನ್ನೊಬ್ಬರು ಗೋಪುರ ಕಟ್ಟುತ್ತಾರೆ; ಕಾಳಿನ ಗಾತ್ರ ಬದಲಾದರೆ ತೂಕವೂ ಬದಲಾಗುತ್ತದೆ. ಅಲ್ಲದೆ ಬಾಯಿ ತೆರೆದ ಚೀಲದಲ್ಲಿ ಆಹಾರದ ಕೊಬ್ಬು ಗಾಳಿಗೆ ಕಮಟಾಗುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಬಿಡಿಯಾಗಿ ಕೊಂಡವರ ಕೈಗೆ ಚೀಲದ ಹಿಂಬದಿಯ ವಿವರ ಸಿಗುತ್ತಿರಲಿಲ್ಲ. ಆಯ್ಕೆ ಮಾಡಬೇಕಾದದ್ದು ಅದನ್ನು ಓದಿ, ಮುಂಬದಿಯ ‘ಲೈಟ್’ ಎಂಬ ಪದವನ್ನು ನೋಡಿಯಲ್ಲ. 100 ಗ್ರಾಂನಲ್ಲಿ 24 ಗ್ರಾಂ ಪ್ರೋಟೀನ್, 14 ಗ್ರಾಂ ಕೊಬ್ಬು ಇರುವ ಸಾಮಾನ್ಯ ಆಹಾರ ಸುಮಾರು 350 ಕ್ಯಾಲೊರಿ ಕೊಟ್ಟರೆ, 30 ಗ್ರಾಂ ಪ್ರೋಟೀನ್, 10 ಗ್ರಾಂ ಕೊಬ್ಬು ಮತ್ತು ಹೆಚ್ಚು ನಾರು ಇರುವ ಆಹಾರ ಸುಮಾರು 300 ಕೊಡುತ್ತದೆ. ನಾರಿನಿಂದ ಹೊಟ್ಟೆ ತುಂಬುತ್ತದೆ. ತೂಕ ಇಳಿಯುವಾಗ ಮಾಂಸಖಂಡ ಕರಗದಂತೆ ಪ್ರೋಟೀನ್ ಕಾಯುತ್ತದೆ. ಹಳೆಯ ಆಹಾರವನ್ನೇ ಅರ್ಧ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ಕ್ಯಾಲೊರಿಯೊಂದಿಗೆ ಪ್ರೋಟೀನ್, ವಿಟಮಿನ್, ಖನಿಜಗಳೂ ಅರ್ಧವಾಗುತ್ತವೆ.

ಚೀಟಿಯ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಸುತ್ತೇವೆ. 32 ಕಿಲೋ ಇರಬೇಕಾದ ಲ್ಯಾಬ್ರಡಾರ್ 40 ಕಿಲೋ ಇದ್ದರೆ, ಲೆಕ್ಕವನ್ನು 32ಕ್ಕೆ ಹಾಕಬೇಕು. ಆಗ ದಿನಕ್ಕೆ ಸುಮಾರು 940 ಕ್ಯಾಲೊರಿ. ಅದರಲ್ಲಿ ಹತ್ತನೇ ಒಂದು ಪಾಲನ್ನು ತಿಂಡಿಗೆ ಬಿಟ್ಟರೆ, 100 ಗ್ರಾಂಗೆ 300 ಕ್ಯಾಲೊರಿ ಕೊಡುವ ಆಹಾರ ಸುಮಾರು 280 ಗ್ರಾಂ ಆಗುತ್ತದೆ. ಊಟದ ಹೊತ್ತಿಗೆ ತಟ್ಟೆಯಿಂದ ಜಾರುವ ಚಪಾತಿ, ಸಂಜೆಯ ಬಿಸ್ಕತ್ತು, ಅಜ್ಜಿ ಗುಟ್ಟಾಗಿ ಹಾಕುವ ಮೊಸರನ್ನ ಎಲ್ಲವೂ ಆ ಹತ್ತನೇ ಒಂದರೊಳಗೇ ಬರಬೇಕು. ವಾರಕ್ಕೆ ದೇಹದ ತೂಕದ ಶೇಕಡಾ 1ರಿಂದ 2ರಷ್ಟು ಇಳಿದರೆ ಸಾಕು. ಹೀಗಾಗಿ ಆ ಎಂಟು ಕಿಲೋ ಇಳಿಯಲು ನಾಲ್ಕೈದು ತಿಂಗಳು ಹಿಡಿದರೆ ಬೇಸರ ಪಡಬೇಡಿ.

ದೊಡ್ಡ ತಳಿಗಳ ವಿಷಯದಲ್ಲಿ ಇಷ್ಟು ಒತ್ತಾಯಿಸುವುದು ಅವುಗಳ ಸೊಂಟ ಮತ್ತು ಮೊಣಕೈ ಕೀಲುಗಳು ಮೊದಲೇ ತೊಂದರೆಗೆ ಗುರಿಯಾಗುವುದರಿಂದ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮೊಂದಿಗೆ ಜೋಡಿ ಮಾಡಿದ್ದ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳಿಗೆ ಕೀಲುನೋವೂ ತಡವಾಗಿ ಬಂತು. ತೂಕ ಸರಿಯಿರುವ ನಾಯಿಯ ಪಕ್ಕೆಲುಬು ಕೈಗೆ ಸುಲಭವಾಗಿ ತಾಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ನಮ್ಮ ಮುಧೋಳದ ನಾಯಿಯ ಪಕ್ಕೆಲುಬು ಕಣ್ಣಿಗೇ ಕಾಣುವುದು ಅದರ ಮೈಕಟ್ಟು. ಅದನ್ನು ದಪ್ಪ ಮಾಡಲು ಹೋಗಬೇಡಿ.

ಒಂದೂವರೆ ವರ್ಷ ತುಂಬದ ದೊಡ್ಡ ತಳಿಯ ಮರಿಗಳಿಗೆ, ಗಬ್ಬದ ಮತ್ತು ಹಾಲೂಡುವ ನಾಯಿಗಳಿಗೆ ಈ ಆಹಾರವನ್ನು ಪಶುವೈದ್ಯರ ಚೀಟಿಯಿಲ್ಲದೆ ಕೊಡುವುದಿಲ್ಲ. ಕಡಿಮೆ ತಿಂದರೂ ದಪ್ಪವಾಗುವ, ಮಂಕಾಗಿರುವ, ಕೂದಲು ಉದುರುವ ನಾಯಿಗೆ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೊಸ ಆಹಾರವನ್ನು ಹಳೆಯದರೊಂದಿಗೆ ಬೆರೆಸುತ್ತಾ 7ರಿಂದ 10 ದಿನಗಳಲ್ಲಿ ಬದಲಿಸಿ.

ಬಿಡಿ ಆಹಾರಕ್ಕೆ ಮುಂಗಡ ಕೊಟ್ಟವರ ಹಣವನ್ನು ಚೀಲದ ಬೆಲೆಯಲ್ಲಿ ಕಳೆಯುತ್ತೇವೆ, ಬೇಡವೆಂದರೆ ಹಿಂದಿರುಗಿಸುತ್ತೇವೆ. ತೂಗಿಸಲು ಬೆಳಿಗ್ಗೆ ಊಟ ಹಾಕುವ ಮೊದಲೇ ನಾಯಿಯನ್ನು ಕರೆತನ್ನಿ. ಎರಡು ವಾರಕ್ಕೊಮ್ಮೆ ಅದೇ ಹೊತ್ತಿಗೆ ಬಂದರೆ ಚೀಟಿಯನ್ನು ತಿದ್ದಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು